ಭೌತಶಾಸ್ತ್ರದ ಎಂ.ಎಸ್ಸಿ.ಯಿಂದ ವಿಕಿರಣ ಚಿಕಿತ್ಸಾ ವಿಭಾಗಕ್ಕೆ: ನನ್ನ ಅನುಭವ

ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಾನು ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಗ ಸಹಪಾಠಿಗಳ ನಡುವೆ ಮಾತಿಗೆ ಬರುತ್ತಿದ್ದದ್ದು ಎರಡೇ ದಾರಿಗಳು: ನೆಟ್ ಬರೆದು ಪಿಎಚ್.ಡಿ.ಗೆ ಸೇರುವುದು, ಇಲ್ಲವೇ ಪದವಿ ಕಾಲೇಜಿನಲ್ಲಿ ಅಧ್ಯಾಪಕರಾಗುವುದು. ಕ್ಯಾನ್ಸರ್ ಆಸ್ಪತ್ರೆಯಲ್ಲೂ ಭೌತವಿಜ್ಞಾನಿಗೆ ಹುದ್ದೆಯುಂಟು, ಅರ್ಹ ವೈದ್ಯಕೀಯ ಭೌತವಿಜ್ಞಾನಿ ಇಲ್ಲದ ವಿಕಿರಣ ಚಿಕಿತ್ಸಾ ವಿಭಾಗಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿಯೇ ಸಿಗುವುದಿಲ್ಲ ಎಂಬುದು ನನಗೆ ತಿಳಿದದ್ದು ಕೊನೆಯ ಸೆಮಿಸ್ಟರಿನಲ್ಲಿ, ಹಿರಿಯ ವಿದ್ಯಾರ್ಥಿಯೊಬ್ಬರಿಂದ. ಇಂತಹ ಮಾಹಿತಿ ಇಂದಿಗೂ ನಮ್ಮ ವಿಭಾಗಗಳಲ್ಲಿ ಆಕಸ್ಮಿಕವಾಗಿಯೇ ಸಿಗುತ್ತಿರುವುದು ನನಗೆ ಬೇಸರದ ಸಂಗತಿ.

ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವು 1962ರಿಂದ ನಡೆಸುತ್ತಿರುವ ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾಕ್ಕೆ ಪ್ರವೇಶ ಪರೀಕ್ಷೆ ಬರೆದು ಸೇರಿದೆ. ಅದು ಎಂ.ಎಸ್ಸಿ. ಆದವರಿಗಾಗಿ ಇರುವ ಒಂದು ವರ್ಷದ ಕೋರ್ಸು. ಬಿ.ಎಸ್ಸಿ. ಮುಗಿಸಿದವರು ನೇರವಾಗಿ ವೈದ್ಯಕೀಯ ಭೌತಶಾಸ್ತ್ರದ ಎಂ.ಎಸ್ಸಿ.ಯನ್ನೇ ಮಾಡಬಹುದು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಅಂತಹ ಅವಕಾಶವಿದೆ. ಯಾವ ದಾರಿಯಿಂದ ಬಂದರೂ ಸುಸಜ್ಜಿತ ವಿಕಿರಣ ಚಿಕಿತ್ಸಾ ವಿಭಾಗವೊಂದರಲ್ಲಿ ಹನ್ನೆರಡು ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ.

ಈ ವೃತ್ತಿ ಭೌತಶಾಸ್ತ್ರವನ್ನು ಎಷ್ಟು ಗಂಭೀರವಾಗಿ ಬೇಡುತ್ತದೆ ಎಂಬುದು ನನಗೆ ಪೂರ್ತಿಯಾಗಿ ಮನದಟ್ಟಾದದ್ದು ಮುಂಬಯಿಯಿಂದ ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ. ಗಡ್ಡೆಗೆ ಹೊರಗಿನಿಂದ ವಿಕಿರಣ ಹಾಯಿಸುವ ಯಂತ್ರವಾದ ಲೀನಿಯರ್ ಆಕ್ಸಿಲರೇಟರಿನಿಂದ ಹೊರಡುವ ವಿಕಿರಣದ ಪ್ರಮಾಣವನ್ನು ನಾವು ನೀರಿನ ತೊಟ್ಟಿಯಲ್ಲಿ, ಹತ್ತು ಸೆಂಟಿಮೀಟರ್ ಆಳದಲ್ಲಿ, ಒಂದು ಸಣ್ಣ ಅಯಾನೀಕರಣ ಚೇಂಬರ್ (ವಿಕಿರಣವು ಒಳಗಿನ ಗಾಳಿಯಲ್ಲಿ ಉಂಟುಮಾಡುವ ವಿದ್ಯುದಾವೇಶವನ್ನು ಸಂಗ್ರಹಿಸುವ ಮಾಪಕ) ಇಟ್ಟು ಅಳೆಯುತ್ತೇವೆ. ಆ ಚೇಂಬರಿನೊಳಗಿನ ಗಾಳಿ ಹೊರಗಿನ ಗಾಳಿಯೊಂದಿಗೆ ಬೆರೆತಿರುವುದರಿಂದ ವಾಯುಭಾರ ಇಳಿದಂತೆ ಅದರಲ್ಲಿರುವ ಗಾಳಿಯ ದ್ರವ್ಯರಾಶಿಯೂ ಇಳಿಯುತ್ತದೆ, ಸಂಗ್ರಹವಾಗುವ ವಿದ್ಯುದಾವೇಶವೂ ಇಳಿಯುತ್ತದೆ. ಸಮುದ್ರಮಟ್ಟದ ಮುಂಬಯಿಯಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್ ಇರುವ ವಾಯುಭಾರ, ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91 ಮಾತ್ರ. ಆದ್ದರಿಂದ ಅದೇ ಚೇಂಬರ್, ಅದೇ ಕಿರಣಕ್ಕೆ, ಇಲ್ಲಿ ಹತ್ತರಲ್ಲೊಂದು ಭಾಗ ಕಡಿಮೆ ಓದು ಕೊಡುತ್ತದೆ. ಈ ಓದನ್ನು ಗುಣಿಸಬೇಕಾದ, ತಾಪಮಾನ ಮತ್ತು ವಾಯುಭಾರದ ತಿದ್ದುಪಡಿ ಗುಣಕ ಸರಿಸುಮಾರು 1.11 ಆಗುತ್ತದೆ. ಹವಾಮಾನ ವರದಿಯಲ್ಲಿ ಸಿಗುವ ವಾಯುಭಾರವನ್ನು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿರುತ್ತಾರೆ. ಯಾರಾದರೂ ಆ ಅಂಕಿಯನ್ನೇ ಸೂತ್ರದಲ್ಲಿ ಹಾಕಿದರೆ ಓದು ತಿದ್ದುಪಡಿಯಾಗದೆ ಉಳಿದು ಯಂತ್ರದ ಕಿರಣ ದುರ್ಬಲವಾಗಿದೆಯೆಂದು ತೋರುತ್ತದೆ; ಅದನ್ನು ನಂಬಿ ಯಂತ್ರವನ್ನು ಹೊಂದಿಸಿದರೆ ಮರುದಿನದಿಂದ ಪ್ರತಿಯೊಬ್ಬ ರೋಗಿಗೂ ಹತ್ತು ಶೇಕಡಕ್ಕೂ ಹೆಚ್ಚು ಅಧಿಕ ವಿಕಿರಣ ತಲುಪುತ್ತದೆ. ಈ ಕಾರಣದಿಂದಲೇ ಅಳತೆ ನಡೆಯುವ ಕೋಣೆಯಲ್ಲೇ ಪರೀಕ್ಷಿತ ವಾಯುಭಾರಮಾಪಕ ಇರಬೇಕೆಂದು ನಾನು ಹೊಸಬರಿಗೆಲ್ಲ ಒತ್ತಾಯಿಸಿ ಹೇಳುತ್ತೇನೆ.

ದಿನದ ಉಳಿದ ಹೊತ್ತು ಬಹುಪಾಲು ಚಿಕಿತ್ಸಾ ಯೋಜನೆಗೆ ಹೋಗುತ್ತದೆ. ತಂಬಾಕು ಜಗಿಯುವ ನಮ್ಮ ಜನರಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚು. ತಲೆ ಮತ್ತು ಕುತ್ತಿಗೆಯ ಗಡ್ಡೆಗೆ ದಿನಕ್ಕೆ ಎರಡು ಗ್ರೇಯಂತೆ (ಗ್ರೇ ಎಂದರೆ ದೇಹ ಹೀರಿಕೊಳ್ಳುವ ವಿಕಿರಣದ ಅಳತೆಯ ಮಾನ) ಸುಮಾರು ಏಳು ವಾರಗಳಲ್ಲಿ 66ರಿಂದ 70 ಗ್ರೇ ಕೊಡಬೇಕಾದಾಗ, ಬದಿಯಲ್ಲೇ ಇರುವ ಬೆನ್ನುಹುರಿಗೆ 45 ಗ್ರೇ ಮೀರದಂತೆ, ಲಾಲಾಗ್ರಂಥಿಗಳೂ ಉಳಿಯುವಂತೆ ಕಿರಣಗಳನ್ನು ರೂಪಿಸಬೇಕು. ಗ್ರಂಥಿ ಒಣಗಿದರೆ ಆ ಮನುಷ್ಯ ಮುಂದೆ ಒಣ ರೊಟ್ಟಿಯನ್ನು ನೀರಿಲ್ಲದೆ ನುಂಗಲಾರ. ಗಣಕದ ಪರದೆಯ ಮೇಲಿನ ಗೆರೆಗಳ ಹಿಂದೆ ಈ ಊಟದ ಪ್ರಶ್ನೆ ಇದೆಯೆಂಬ ಅರಿವು ನನ್ನನ್ನು ಈ ಕೆಲಸದಲ್ಲಿ ಹಿಡಿದಿಟ್ಟಿದೆ.

ಎಂ.ಎಸ್ಸಿ.ಯಲ್ಲಿ ಕಲಿತದ್ದರಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಪ್ರಯೋಗಾಲಯದ ದಾಖಲೆ ಪುಸ್ತಕ ಬರೆಯುವ ಶಿಸ್ತು ಮತ್ತು ಅಳತೆಯ ಅನಿಶ್ಚಿತತೆಯನ್ನು ಲೆಕ್ಕ ಹಾಕುವ ಅಭ್ಯಾಸ. ಯಂತ್ರದ ಓದು ಮಿತಿ ದಾಟಿದ ಬೆಳಿಗ್ಗೆ, ಹೊರಗೆ ರೋಗಿಗಳು ಕಾಯುತ್ತಿದ್ದರೂ ಚಿಕಿತ್ಸೆ ನಿಲ್ಲಿಸಿ ಎಂದು ಹೇಳಬೇಕಾಗುತ್ತದೆ, ಮತ್ತು ಆ ಮಾತಿಗೆ ಆಧಾರವಾಗಿ ನಮ್ಮ ಕೈಯಲ್ಲಿರುವುದು ಆ ದಾಖಲೆಗಳು ಮಾತ್ರ. ಸಂಶೋಧನೆಯ ಬಾಗಿಲೂ ಮುಚ್ಚುವುದಿಲ್ಲ, ಆಸ್ಪತ್ರೆಯಲ್ಲಿದ್ದುಕೊಂಡೇ ಪಿಎಚ್.ಡಿ. ಮಾಡಿದವರು ನಮ್ಮಲ್ಲಿದ್ದಾರೆ.

ಇಂಟರ್ನ್‌ಶಿಪ್ ಹುಡುಕುವವರು ಸ್ಟೈಪೆಂಡಿಗಿಂತ ಮೊದಲು ಎರಡು ವಿಷಯ ವಿಚಾರಿಸಬೇಕು: ಅಲ್ಲಿ ಲೀನಿಯರ್ ಆಕ್ಸಿಲರೇಟರಿನ ಜೊತೆಗೆ ಬ್ರಾಕಿಥೆರಪಿಯೂ (ವಿಕಿರಣದ ಮೂಲವನ್ನು ಗಡ್ಡೆಯ ಒಳಗೆ ಅಥವಾ ಪಕ್ಕದಲ್ಲೇ ಇಟ್ಟು ಕೊಡುವ ಚಿಕಿತ್ಸೆ) ನಡೆಯುತ್ತದೆಯೇ, ಮತ್ತು ಮೇಲ್ವಿಚಾರಕರು ಪಕ್ಕದಲ್ಲಿ ನಿಂತು ಚೇಂಬರನ್ನು ಇಂಟರ್ನ್ ಕೈಗೇ ಕೊಡುತ್ತಾರೆಯೇ ಎಂದು.