ಬ್ಲಾಕ್ ಕೊಟ್ಟ ಮೇಲೆ ಮುಕ್ಕಾಲು ಗಂಟೆ

ಯಶವಂತಪುರದ ಮಂಡಿಯಲ್ಲಿ ವರ್ಷಾನುಗಟ್ಟಲೆ ಈರುಳ್ಳಿ ಮೂಟೆ ಹೊತ್ತ ಹಮಾಲರೊಬ್ಬರ ಬಲಭುಜ ಅದು. ಒಳಗಿನ ಸ್ನಾಯುಬಂಧ ಹರಿದಿತ್ತು. ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್; ಅರಿವಳಿಕೆ ಕೊಡೋದು ನನ್ನ ಕೆಲಸ. ಪೂರ್ತಿ ಪ್ರಜ್ಞೆ ತಪ್ಪಿಸೋದು ಬೇಡ, ಭುಜದ ನರಗಳನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್, ಅಂದರೆ ಬ್ಲಾಕ್ ಸಾಕು ಅಂತ ಮಾತಾಡಿಕೊಂಡಿದ್ದೆವು.

ಅಲ್ಟ್ರಾಸೌಂಡ್ ಇಟ್ಟರೆ ಕತ್ತಿನ ಎರಡು ಸ್ನಾಯುಗಳ ನಡುವೆ ನರಗಳು ಸಿಗ್ನಲ್ ದೀಪದ ಹಾಗೆ ಒಂದರ ಕೆಳಗೊಂದು ಕಾಣುತ್ತವೆ. ಅಲ್ಲಿ ಮರಗಟ್ಟಿಸುವ ಔಷಧಿ, 0.5% ರೋಪಿವಕೇನ್ 15 ಮಿ.ಲೀ. ಕೊಟ್ಟೆ. ನೋವು ಹೋಯಿತು, ಬಿಪಿ 140ರಿಂದ 124ಕ್ಕೆ ಇಳಿಯಿತು. ಇಲ್ಲಿಯವರೆಗೆ ಎಲ್ಲವೂ ಚೆಂದ.

ಆಮೇಲೆ ಸಲೂನ್ ಕುರ್ಚಿಯಲ್ಲಿ ಕೂರಿಸಿದ ಹಾಗೆ ಟೇಬಲ್ ಎತ್ತುತ್ತಾರೆ. ನನಗೆ ಭಯ ಇರೋದು ಅಲ್ಲಿಂದ ಮುಂದೆ. ಬ್ಲಾಕ್ ಕೊಟ್ಟು ಸುಮಾರು 50 ನಿಮಿಷ ಆಗಿತ್ತು. ಆತ ಒಮ್ಮೆ ಆಕಳಿಸಿದರು. ಹಣೆಯಲ್ಲಿ ಬೆವರು. "ಡಾಕ್ಟ್ರೇ, ಯಾಕೋ ಒಂಥರಾ ಆಗ್ತಿದೆ." ನಾಡಿ 78 ಇದ್ದದ್ದು 42. ಬಿಪಿ 74.

ಬೆನ್ನು ಇಳಿಸಿ, ಕಾಲು ಎತ್ತಿಸಿದೆ. ನಾಡಿ ಏರಿಸಲು ಅಟ್ರೋಪಿನ್ 0.6 ಮಿ.ಗ್ರಾಂ., ಬಿಪಿ ಏರಿಸಲು ಮೆಫೆಂಟರ್ಮಿನ್ 6 ಮಿ.ಗ್ರಾಂ., ಡ್ರಿಪ್ ಜೋರಾಗಿ. ಮೂರು ನಿಮಿಷದಲ್ಲಿ ಸರಿಹೋಯಿತು. ಆ ಮೂರು ನಿಮಿಷ ಮಾತ್ರ ಸಿಲ್ಕ್ ಬೋರ್ಡ್ ಸಿಗ್ನಲ್‌ಗಿಂತ ಉದ್ದ!

ಕೂತಾಗ ರಕ್ತ ಕಾಲಲ್ಲಿ ನಿಲ್ಲುತ್ತದೆ, ಹೃದಯ ಅರ್ಧಂಬರ್ಧ ತುಂಬುತ್ತದೆ. ಭುಜದೊಳಗೆ ಬಿಡುವ ನೀರಲ್ಲಿ ಅಡ್ರಿನಲಿನ್ ಬೆರೆಸಿದ್ದರೆ, ಆ ಖಾಲಿ ಹೃದಯವೇ ಇನ್ನೂ ಜೋರಾಗಿ ಹಿಂಡಿಕೊಳ್ಳುತ್ತದೆ. ಆಗ ದೇಹ ಹೃದಯ ತುಂಬಿ ತುಳುಕುತ್ತಿದೆ ಅಂತ ತಪ್ಪು ತಿಳಿದು ಬ್ರೇಕ್ ಒತ್ತಿಬಿಡುತ್ತದೆ ಅನ್ನೋದು ನಮ್ಮವರಲ್ಲಿ ಹೆಚ್ಚು ಜನ ಕೊಡುವ ವಿವರಣೆ. ಬಲಗಡೆ ಬ್ಲಾಕ್ ಆದರೆ ಔಷಧಿ ಹೃದಯಕ್ಕೂ ಕಣ್ಣಿಗೂ ನರ ಕಳಿಸುವ ಕತ್ತಿನ ನರಗಂಟಿಗೂ ಹರಡಿ ನಾಡಿ ಇಳಿಸಬಹುದು.

ಒಂದು ತಪ್ಪು ನಾನೇ ಮಾಡಿದ್ದೇನೆ. ಹೊಸದರಲ್ಲಿ, ಇನ್ನೊಂದು ಕೈಯಲ್ಲಿ ಡ್ರಿಪ್ ಇದೆ ಅಂತ ಬಿಪಿ ಪಟ್ಟಿಯನ್ನು ಮೀನಖಂಡಕ್ಕೆ ಕಟ್ಟಿದ್ದೆ. ಮಾನಿಟರ್‌ನಲ್ಲಿ ಬಿಪಿ ಬೊಂಬಾಟ್. ಕೂತವರ ಕಾಲಲ್ಲಿ ಬಿಪಿ ಜಾಸ್ತಿಯೇ ತೋರಿಸುತ್ತದೆ, ಅಲ್ವಾ? ತೋಳಿಗೆ ಕಟ್ಟಿದರೂ ಲೆಕ್ಕ ಬೇಕು: ಮೆದುಳು 20 ಸೆಂ.ಮೀ. ಮೇಲಿದ್ದರೆ ಅಲ್ಲಿ ಸುಮಾರು 15 ಕಡಿಮೆ. ಕ್ಯಾಮೆರಾದಲ್ಲಿ ರಕ್ತ ಕಂಡೊಡನೆ ಸರ್ಜನ್ "ಬಿಪಿ ಸ್ವಲ್ಪ ಇಳಿಸಿ" ಅನ್ನುತ್ತಾರೆ. ನಾನು ಈ 15 ಕಳೆದೇ ಉತ್ತರ ಕೊಡೋದು.

ವಾರ್ಡಿನಲ್ಲಿ ಅವರ ಹೆಂಡತಿ ಗಾಬರಿಯಾಗಿ ನಿಂತಿದ್ದರು. "ಸಾರ್, ಬಲಗಣ್ಣಿನ ರೆಪ್ಪೆ ಜೋತುಬಿದ್ದಿದೆ, ಲಕ್ವ ಹೊಡೀತಾ?" ಅದೇ ನರಗಂಟಿಯ ಕೆಲಸ, ಔಷಧಿ ಇಳಿದರೆ ಹೋಗುತ್ತೆ ಅಂದೆ. ಆಕೆ ನಂಬಲಿಲ್ಲ. ಮರುದಿನ ಬೆಳಿಗ್ಗೆ ಹೋದಾಗ ಆತ ಎರಡೂ ಕಣ್ಣು ಅಗಲ ಬಿಟ್ಟು ಇಡ್ಲಿ ತಿನ್ನುತ್ತಿದ್ದರು, ಎಡಗೈಯಲ್ಲಿ.