ಲೀವ್ ಅಂದರೆ ‘ಹೊರಡು’ ಅಲ್ಲ, ‘ಬಿಡು’: ಪಾಠ ಮಾಡುವಾಗಿನ ನನ್ನ ಅನುಭವ

ಸ್ಪೋಕನ್ ಇಂಗ್ಲಿಷ್ ಪುಸ್ತಕಗಳ ಪಟ್ಟಿಯಲ್ಲಿ ಗೋ ಅಂದರೆ ಹೋಗು, ಲೀವ್ ಅಂದರೆ ಹೊರಡು ಎಂದಿರುತ್ತದೆ. ಆ ಪಟ್ಟಿಯನ್ನು ನಾನು ಬಳಸುವುದಿಲ್ಲ. ಲೀವ್ ಅನ್ನು ‘ಬಿಡು’ ಎಂದೇ ಹೇಳಿಕೊಡುತ್ತೇನೆ. ಕಾರಣ ಅರ್ಥದಲ್ಲಿಲ್ಲ, ವಿಭಕ್ತಿಯಲ್ಲಿದೆ.

‘ಹೊರಡು’ ಬಂದರೆ ಅದರ ಬೆನ್ನಿಗೇ ‘ಇಂದ’ ಅಥವಾ ‘ಗೆ’ ಬರುತ್ತದೆ. ಮೈಸೂರಿಂದ ಹೊರಟೆ, ಹಾಸನಕ್ಕೆ ಹೊರಟೆ. ಕಲಿಯುವವರು ಇದನ್ನೇ ಇಂಗ್ಲಿಷಿಗೆ ಹೊತ್ತೊಯ್ದು ‘ಐ ಲೆಫ್ಟ್ ಫ್ರಮ್ ಮೈಸೂರು’, ‘ಐ ಲೆಫ್ಟ್ ಟು ಹಾಸನ’ ಅನ್ನುತ್ತಾರೆ. ‘ಬಿಡು’ಗೆ ಈ ಕಾಟವಿಲ್ಲ. ಮೈಸೂರು ಬಿಟ್ಟೆ, ಅಷ್ಟೇ. ಲೀವ್ ಕೂಡ ಹಾಗೇ: ಐ ಲೆಫ್ಟ್ ಮೈಸೂರು ಅಟ್ ಸಿಕ್ಸ್. ನಡುವೆ ಏನೂ ಬೇಡ. ಬಸ್ ನಿಲ್ದಾಣದಲ್ಲಿ ನಾವೇ ‘ಹಾಸನದ ಬಸ್ ಎಷ್ಟೊತ್ತಿಗೆ ಬಿಡುತ್ತೆ?’ ಎಂದು ಕೇಳುತ್ತೇವಲ್ಲ, ಅದನ್ನು ನೆನಪಿಸಿದರೆ ಕೂಡಲೇ ತಲೆಗೆ ಹೋಗುತ್ತದೆ.

ಬೋರ್ಡಿನ ಮೇಲೆ ಎರಡು ಊರಿನ ಹೆಸರು ಬರೆದು ನಡುವೆ ಒಂದು ಬಾಣ ಎಳೆಯುತ್ತೇನೆ. ಬಾಣದ ಬಾಲಕ್ಕೆ ಅಂಟಿದ ಊರಿಗೆ ಏನನ್ನೂ ಸೇರಿಸಬಾರದು. ಮೊನೆಯ ಕಡೆಯ ಊರಿಗೆ ‘ಫಾರ್’ ಸೇರಿಸಬೇಕು. ಐ ಲೆಫ್ಟ್ ಮೈಸೂರು ಫಾರ್ ಹಾಸನ. ಆಮೇಲೆ ಮೈಸೂರನ್ನು ಡಸ್ಟರಿನಿಂದ ಒರೆಸಿ ಓದಿಸುತ್ತೇನೆ: ಐ ಲೆಫ್ಟ್ ಫಾರ್ ಹಾಸನ. ಕೊನೆಗೆ ಫಾರ್ ಅನ್ನೂ ಒರೆಸುತ್ತೇನೆ. ಉಳಿದದ್ದು ಐ ಲೆಫ್ಟ್ ಹಾಸನ, ಅಂದರೆ ಹಾಸನವನ್ನೇ ಬಿಟ್ಟು ಬಂದೆ. ಮೂರಕ್ಷರದ ಒಂದು ಪದ ಅಳಿಸಿದ್ದಕ್ಕೆ ಬಸ್ಸು ಹಿಂದೆ ತಿರುಗಿತು. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಪ್ರಯೋಜನವಿಲ್ಲ, ಕಣ್ಣೆದುರೇ ಒರೆಸಬೇಕು.

ಹಾಗಂತ ಫ್ರಮ್ ಪೂರ್ತಿ ನಿಷಿದ್ಧವಲ್ಲ. ಬಸ್ಸು, ರೈಲು ಎಲ್ಲಿಂದ ಹೊರಡುತ್ತದೆ ಎಂದು ತೋರಿಸುವಾಗ ಬೇಕು: ದ ಟ್ರೇನ್ ಲೀವ್ಸ್ ಫ್ರಮ್ ಪ್ಲಾಟ್‌ಫಾರ್ಮ್ ಫೈವ್. ವೇಳಾಪಟ್ಟಿಯ ಮಾತಾದ್ದರಿಂದ ನಾಳೆಯ ರೈಲಿಗೂ ವಿಲ್ ಹಾಕದೆ ಲೀವ್ಸ್ ಅಂದರೆ ಸಾಕು. ಡಿಪಾರ್ಟ್ ಎನ್ನುವುದು ನಿಲ್ದಾಣದ ಮೈಕಿನ ಭಾಷೆ, ಟಿಕೆಟಿನ ಭಾಷೆ. ‘ಐ ವಿಲ್ ಡಿಪಾರ್ಟ್ ನೌ’ ಎಂದು ಸ್ನೇಹಿತರ ಮನೆಯಲ್ಲಿ ಹೇಳಿದರೆ ನಗು ಬರುತ್ತದೆ. ‘ದ ಡಿಪಾರ್ಟೆಡ್’ ಅಂದರಂತೂ ನಮ್ಮ ‘ಅಗಲಿದವರು’, ತೀರಿಕೊಂಡವರು.

‘ಬಿಡು’ ಇನ್ನೊಂದು ಕಡೆಯೂ ಕೈ ಹಿಡಿಯುತ್ತದೆ. ಕೀಲಿ ಮನೆಯಲ್ಲೇ ಬಿಟ್ಟು ಬಂದೆ: ಐ ಲೆಫ್ಟ್ ದ ಕೀಸ್ ಅಟ್ ಹೋಮ್. ಇಲ್ಲಿ ಹೆಚ್ಚಿನವರು ‘ಐ ಫರ್ಗಾಟ್ ದ ಕೀಸ್ ಅಟ್ ಹೋಮ್’ ಅನ್ನುತ್ತಾರೆ. ಜಾಗದ ಹೆಸರು ಹೇಳಿದರೆ ಲೀವ್, ಹೇಳದಿದ್ದರೆ ಫರ್ಗೆಟ್. ಇಷ್ಟು ನೆನಪಿದ್ದರೆ ಸಾಕು. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ‘ಉಳಿಯಗೊಡು’ ಎಂಬ ಅರ್ಥವೇ ಇತ್ತು. ಎರಡು ಇಡ್ಲಿ ಉಳಿದಿದೆ ಅನ್ನುವುದಕ್ಕೆ ಟೂ ಇಡ್ಲೀಸ್ ಆರ್ ಲೆಫ್ಟ್ ಅನ್ನುವುದು ಆ ಬೇರಿನಿಂದಲೇ. ರಜೆ ಎಂಬರ್ಥದ ಲೀವ್ ಮಾತ್ರ ಬೇರೆ ಪದ, ಅದರ ಮೂಲ ‘ಅಪ್ಪಣೆ’. ಅದಕ್ಕೇ ‘ಐ ಆಮ್ ಲೀವ್ ಟುಡೇ’ ತಪ್ಪು, ‘ಐ ಆಮ್ ಆನ್ ಲೀವ್’ ಸರಿ.

ಈಗ ಅಪಾಯದ ಜಾಗ. ನಮ್ಮ ‘ಬಿಡು’ಗೆ ಮಿತಿಯಿಲ್ಲ. ಹೂ ಬಿಡುತ್ತದೆ, ಶಾಲೆ ಬಿಡುತ್ತದೆ, ನಲ್ಲಿಯಲ್ಲಿ ನೀರು ಬಿಡುತ್ತಾರೆ. ಎಲ್ಲಕ್ಕೂ ಲೀವ್ ಹಾಕಿದರೆ ಕೆಟ್ಟಿತು. ಹೆಚ್ಚು ಎಡವುವುದು ‘ಮಗನ್ನ ಸ್ಕೂಲಿಗೆ ಬಿಟ್ಟು ಬರ್ತೀನಿ’ ಅನ್ನುವಲ್ಲಿ. ಅದು ಡ್ರಾಪ್: ಐ ವಿಲ್ ಡ್ರಾಪ್ ಮೈ ಸನ್ ಅಟ್ ಸ್ಕೂಲ್. ‘ಲೀವ್ ಮೀ ಅಟ್ ದ ಬಸ್‌ಸ್ಟ್ಯಾಂಡ್’ ಅಂದರೆ ಹೊರಗಿನವರ ಕಿವಿಗೆ ‘ನನ್ನನ್ನು ಅಲ್ಲೇ ಬಿಟ್ಟು ಹೊರಟುಹೋಗಿ’ ಎಂದು ಕೇಳಿಸುತ್ತದೆ. ಹಾಗೇ ಇಳಿಯುವುದಕ್ಕೆ ನಾವು ಅನ್ನುವ ‘ಗೆಟ್ ಡೌನ್’ ಭಾರತದಾಚೆ ನಡೆಯುವುದಿಲ್ಲ. ಒಳಗೆ ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ಗೆಟ್ ಆಫ್. ಬಗ್ಗಿ ಕೂರುವ ಕಾರು, ಆಟೋಗೆ ಗೆಟ್ ಔಟ್ ಆಫ್. ಬೈಕಿಗೂ ಗೆಟ್ ಆಫ್, ಅದರ ಮೇಲೆ ಕೂರುತ್ತೇವಲ್ಲ.

ವಾಟ್ಸಾಪಿನಿಂದ ಹೊಸದೊಂದು ತಪ್ಪು ಬಂದಿದೆ. ಕನ್ನಡದಲ್ಲಿ ‘ಗ್ರೂಪಿಂದ ಲೆಫ್ಟ್ ಆದ’ ಅನ್ನುತ್ತೇವೆ. ಕನ್ನಡದೊಳಗೆ ಅದು ಚೆನ್ನಾಗಿಯೇ ಇದೆ, ನಾನೂ ಹಾಗೇ ಅನ್ನುತ್ತೇನೆ. ಆದರೆ ಇಂಗ್ಲಿಷಿಗೆ ಮರಳುವಾಗ ಅದು ‘ಹೀ ಗಾಟ್ ಲೆಫ್ಟ್ ಫ್ರಮ್ ದ ಗ್ರೂಪ್’ ಆಗಿಬಿಡುತ್ತದೆ. ಹೀ ಲೆಫ್ಟ್ ದ ಗ್ರೂಪ್, ಸಾಕು.

ಕ್ವಿಟ್ ವಿಷಯಕ್ಕೆ ಬಂದರೆ, 1942ರ ಆಗಸ್ಟ್ 8ರ ಕ್ವಿಟ್ ಇಂಡಿಯಾ ನಿರ್ಣಯವೇ ಪಾಠ. ಕನ್ನಡದಲ್ಲಿ ಅದು ‘ಭಾರತ ಬಿಟ್ಟು ತೊಲಗಿ’ ಆಯಿತು. ಬರೀ ‘ಬಿಡಿ’ ಅಂದರೆ ಸಾಲದೆಂದು ‘ತೊಲಗಿ’ ಸೇರಿಕೊಂಡಿತು. ಆ ಬಿರುಸು ಕ್ವಿಟ್‌ನಲ್ಲಿದೆ. ಬಾಡಿಗೆದಾರರಿಗೆ ಮನೆ ಖಾಲಿ ಮಾಡಲು ಕೊಡುವುದೂ ನೋಟಿಸ್ ಟು ಕ್ವಿಟ್. ಆದ್ದರಿಂದ ಮಾತಿನಲ್ಲಿ ‘ಐ ಕ್ವಿಟ್ ಮೈ ಜಾಬ್’ ಸರಿ, ಪತ್ರದಲ್ಲಿ ಬೇಡ. ಪತ್ರಕ್ಕೆ ರಿಸೈನ್: ಐ ಆಮ್ ರಿಸೈನಿಂಗ್ ಫ್ರಮ್ ದ ಪೋಸ್ಟ್ ಆಫ್ ಇಂಥದ್ದು, ಮೈ ಲಾಸ್ಟ್ ವರ್ಕಿಂಗ್ ಡೇ ಈಸ್ ಇಂಥ ದಿನ. ಮೂರು ಸಾಲು ಮೀರಬಾರದು. ಬರೆಯುವುದು ರಿಸೈನ್ ಎಂದು ಕಂಡರೂ ಉಚ್ಚಾರ ‘ರಿಜೈನ್’. ‘ರೀ-ಸೈನ್’ ಎಂದು ಎಳೆದರೆ ಮತ್ತೆ ಸಹಿ ಹಾಕಿದೆ, ಕರಾರು ಮುಂದುವರಿಸಿದೆ ಎಂದು ಪೂರ್ತಿ ಉಲ್ಟಾ ಅರ್ಥ. ಸಿಗರೇಟ್ ಬಿಡುವುದಕ್ಕೂ ಕ್ವಿಟ್ ಬರುತ್ತದೆ, ಆದರೆ ಮುಂದೆ ‘ಟು’ ಬಾರದು: ಕ್ವಿಟ್ ಸ್ಮೋಕಿಂಗ್.

ಪದ ಬದಲಾದರೆ ದನಿಯೂ ಬದಲಾಗುತ್ತದೆ ಎಂದು ತೋರಿಸಲು ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟದ್ದು ಒಳ್ಳೆಯ ಉದಾಹರಣೆ. ಸದಸ್ಯ ದೇಶ ಹೊರಬರುವ ಬಗೆ ಹೇಳುವ, ಒಕ್ಕೂಟದ ಒಪ್ಪಂದದ 50ನೇ ವಿಧಿಯಲ್ಲಿ ಇರುವುದು ವಿತ್‌ಡ್ರಾ. 2016ರ ಜೂನ್ 23ರ ಜನಮತಗಣನೆಯ ಮತಪತ್ರದಲ್ಲಿ ಇದ್ದದ್ದು ಲೀವ್. ಪತ್ರಿಕೆಯವರ ಬಾಯಲ್ಲಿ ಅದು ಎಕ್ಸಿಟ್ ಸೇರಿ ಬ್ರೆಕ್ಸಿಟ್. ಕಾನೂನಿಗೊಂದು, ಜನಕ್ಕೊಂದು, ತಲೆಬರಹಕ್ಕೊಂದು.

ಸಂದರ್ಶನಕ್ಕೆ ಹೋಗುವವರಿಗೆ ಒಂದು ಮಾತು: ‘ಐ ಪಾಸ್ಡ್ ಔಟ್ ಇನ್ 2019’ ಇಲ್ಲಿ ನಡೆಯುತ್ತದೆ, ವಿದೇಶದವರಿಗೆ ಅದು ‘ಪ್ರಜ್ಞೆ ತಪ್ಪಿ ಬಿದ್ದೆ’. ಐ ಗ್ರಾಜುಯೇಟೆಡ್ ಅನ್ನಿ.

ಕಷ್ಟವಾದದ್ದು ಬೀಳ್ಕೊಳ್ಳುವ ಮಾತು. ನಾವು ‘ಹೋಗ್ತೀನಿ’ ಅನ್ನುವವರಲ್ಲ, ‘ಬರ್ತೀನಿ’ ಅನ್ನುವವರು. ಎದ್ದು ಬಾಗಿಲ ಕಡೆ ನಡೆಯುತ್ತ ‘ಐ ವಿಲ್ ಕಮ್’ ಅಂದರೆ ಎದುರಿನವರು ‘ಎಲ್ಲಿಗೆ?’ ಎಂದು ನೋಡುತ್ತಾರೆ. ‘ಐ ವಿಲ್ ಗೋ ಅಂಡ್ ಕಮ್’ ಕೂಡ ಅಷ್ಟೇ. ಎರಡು ಹಂತದಲ್ಲಿ ಅಭ್ಯಾಸ ಮಾಡಿಸುತ್ತೇನೆ. ಮೊದಲು, ಕೂತಿರುವಾಗಲೇ, ‘ಐ ಷುಡ್ ಗೆಟ್ ಗೋಯಿಂಗ್’. ಅದು ಸೂಚನೆ ಮಾತ್ರ. ಒಂದೆರಡು ಮಾತು ಆದಮೇಲೆ ಎದ್ದು ‘ಸೀ ಯೂ’. ಇಂಗ್ಲೆಂಡಿನವರು ಮೊದಲ ಹಂತಕ್ಕೆ ತೊಡೆ ತಟ್ಟಿಕೊಂಡು ‘ರೈಟ್!’ ಅಂದುಬಿಡುವುದೂ ಉಂಟು. ಇದನ್ನು ವಿವರಿಸುವ ಶ್ರಮವೇ ಇಲ್ಲ. ಕಂಡಕ್ಟರ್ ‘ರೈಟ್ ರೈಟ್’ ಅಂದರೆ ಬಸ್ಸು ಬಿಡುತ್ತದೆಂದು ನಮ್ಮಲ್ಲಿ ಯಾರಿಗೆ ತಾನೆ ಗೊತ್ತಿಲ್ಲ?