ಮೆಯೊನೇಸ್ ಆರಿಸುವ ಮುನ್ನ ಬ್ರೆಡ್ಡಿಗೆ ಸವರಿ ನೋಡಿ

ಯಾವ ಮೆಯೊನೇಸ್ ಒಳ್ಳೆಯದು ಎಂಬ ಮಾತು ಶುರುವಾದರೆ ಯಾರೂ ಸುಲಭಕ್ಕೆ ಸೋಲೊಪ್ಪುವುದಿಲ್ಲ. ಆದರೆ ಆ ಜಗಳ ನಿಜಕ್ಕೂ ಹುಳಿ, ಸಿಹಿ ಮತ್ತು ಎಣ್ಣೆಯ ಹದದ ಕುರಿತಾದದ್ದು ಎಂಬುದು ನನ್ನ ಅನಿಸಿಕೆ. ಆದ್ದರಿಂದ ದೊಡ್ಡ ಬಾಟಲಿ ಕೊಳ್ಳುವ ಮುನ್ನ ಎರಡು ಮೂರು ಬಗೆಯ ಚಿಕ್ಕ ಪೊಟ್ಟಣಗಳನ್ನು ತಂದು, ಬರಿಯ ಬ್ರೆಡ್ಡಿನ ತುಣುಕುಗಳಿಗೆ ತೆಳ್ಳಗೆ ಸವರಿ, ನಡುನಡುವೆ ನೀರು ಕುಡಿಯುತ್ತಾ ರುಚಿ ನೋಡಿ. ಚಮಚದಿಂದ ನೇರವಾಗಿ ನೆಕ್ಕಿ ತೀರ್ಮಾನಿಸಬೇಡಿ, ಏಕೆಂದರೆ ಹಾಗೆ ತಿಂದಾಗ ಹಲ್ಲು ಜುಮ್ಮೆನ್ನುವಷ್ಟು ಹುಳಿಯೆನಿಸಿದ್ದೇ ಬ್ರೆಡ್ಡಿನ ಜೊತೆ ಸರಿಹೋಗುವುದುಂಟು.

ಲೇಬಲ್ಲನ್ನೂ ಓದಿ. ಅಮೆರಿಕದ ನಿಯಮದ ಪ್ರಕಾರ ಮೆಯೊನೇಸ್ ಎನಿಸಿಕೊಳ್ಳಲು ತೂಕದಲ್ಲಿ ಕನಿಷ್ಠ ಶೇ. 65ರಷ್ಟು ಸಸ್ಯಜನ್ಯ ಎಣ್ಣೆ ಇರಬೇಕು. 1933ರಲ್ಲಿ ಬಂದ, ಮೆಯೊನೇಸಿನಂಥದ್ದೇ ಸ್ಪ್ರೆಡ್ ಆದ ಮಿರಾಕಲ್ ವಿಪ್‌ನಲ್ಲಿ ಎಣ್ಣೆ ಅದಕ್ಕಿಂತ ಕಡಿಮೆ, ಸಿಹಿ ಹೆಚ್ಚು. 1925ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಕ್ಯೂಪಿ ಎಂಬ ಮೆಯೊನೇಸಿಗೆ ಇಡೀ ಮೊಟ್ಟೆಯ ಬದಲು ಹಳದಿ ಭಾಗವನ್ನಷ್ಟೇ ಬಳಸುವುದರಿಂದ ಅದರ ರುಚಿ ಗಾಢವಾಗಿರುತ್ತದೆ. ಸಿಹಿ ಸ್ಪ್ರೆಡ್ ನನಗಂತೂ ಸೇರದು, ಆದರೆ ಅದನ್ನೇ ಬಯಸುವವರ ಮೇಲೆ ತಕರಾರಿಲ್ಲ.

ತಂದದ್ದು ಹಿಡಿಸದಿದ್ದರೆ ಎಸೆಯಬೇಡಿ. ಬೇಕಾದಷ್ಟನ್ನು ಮಾತ್ರ ಬಟ್ಟಲಿಗೆ ತೆಗೆದುಕೊಂಡು, ಸಪ್ಪೆಯಾಗಿದ್ದರೆ ಕೆಲವು ಹನಿ ನಿಂಬೆರಸ, ಸಿಹಿಯಾಗಿದ್ದರೆ ಅರ್ಧ ಚಮಚ ಸಾಸಿವೆ ಪೇಸ್ಟ್ ಬೆರೆಸಿ, ಹತ್ತು ನಿಮಿಷ ಬಿಟ್ಟು ಮತ್ತೆ ರುಚಿ ನೋಡಿ. ಉಳಿದದ್ದನ್ನು ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿ ಕರಗಿದಾಗ ಎಣ್ಣೆ ಬೇರ್ಪಟ್ಟು, ಒಡೆದ ಹಾಲಿನಂತೆ ಕಾಣುತ್ತದೆ.